ಕನ್ನಡ ಪಠ್ಯ ಫಾಂಟ್: ‘ಶಕ್ತಿ’, ‘ಸ್ತ್ರೀ’ ಒಡೆಯುತ್ತಿವೆ, ಒತ್ತಿನ ದಪ್ಪ, ಸಾಲಿನ ಎತ್ತರ ಹೇಗೆ ನಿಗದಿ ಮಾಡುವುದು?

ಗೆರೆಗಾರ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಪುಸ್ತಕಕ್ಕೂ ವೆಬ್‌ಗೂ ಒಗ್ಗುವ ಕನ್ನಡ ಪಠ್ಯ ಫಾಂಟ್ ಒಂದನ್ನು ಯಾವ ಸಂಸ್ಥೆಯ ಹಂಗೂ ಇಲ್ಲದೆ ಸ್ವತಂತ್ರವಾಗಿ ಮಾಡುತ್ತಿದ್ದೇನೆ. ಬಳಸುತ್ತಿರುವುದು ಗ್ಲಿಫ್ಸ್ ಎಂಬ ಫಾಂಟ್ ತಯಾರಿಸುವ ತಂತ್ರಾಂಶ, ಎಮ್ ಚೌಕ (ಅಕ್ಷರ ಬರೆಯುವ ಅಳತೆಯ ಚೌಕ) 1000 ಯೂನಿಟ್. ಲ್ಯಾಟಿನ್ ಅಕ್ಷರಗಳೂ ಜೊತೆಗಿವೆ: ಸಣ್ಣಕ್ಷರದ ಎತ್ತರ 500, ದೊಡ್ಡಕ್ಷರದ ಎತ್ತರ 700. ಸ್ವರ, ವ್ಯಂಜನ, ಅಂಕಿಗಳನ್ನು ಬರೆದು ಮುಗಿಸಿದ್ದೇನೆ. ಪ್ರತಿ ವ್ಯಂಜನಕ್ಕೂ ಗುಡಿಸಿನ ರೂಪ (ಕಿ, ತಿ, ಸಿ), ಅದರ ದೀರ್ಘ (ಕೀ, ತೀ, ಸೀ), ಏತ್ವ, ಅರ್ಧಾಕ್ಷರ ಎಲ್ಲವನ್ನೂ ಒಂದೊಂದು ಗ್ಲಿಫ್ (ಫಾಂಟ್ ಒಳಗಿನ ಒಂದು ಚಿತ್ರರೂಪ) ಆಗಿ ಇಟ್ಟಿದ್ದೇನೆ.

ತೊಡಕು ಇಲ್ಲಿದೆ. ‘ಕಿ’ ಬಿಡಿಯಾಗಿ ಸರಿಯಾಗಿ ಮೂಡುತ್ತದೆ. ‘ಶಕ್ತಿ’, ‘ಬುದ್ಧಿ’ ಎಂದು ಬರೆದರೆ ಗುಡಿಸು ಒತ್ತಿನ ಆಚೆಗೆ ಹೋಗಿ ಒಂಟಿಯಾಗಿ ನಿಲ್ಲುತ್ತದೆ. ಒತ್ತಕ್ಷರದ ನಿಯಮಗಳನ್ನು ‘ಬಿಎಲ್‌ಡಬ್ಲ್ಯುಎಸ್’ (blws) ಫೀಚರ್‌ನಲ್ಲಿ, ಅಂದರೆ ಗ್ಲಿಫ್ ಬದಲಿಸುವ ನಿಯಮಗಳ ಆ ಗುಂಪಿನಲ್ಲಿ, ಬರೆದಿದ್ದೇನೆ. ‘ಸ್ತ್ರೀ’, ‘ಶ್ರೀ’ ಪದಗಳಲ್ಲಂತೂ ನಾನು ಬರೆದಿಟ್ಟ ‘ಸೀ’, ‘ಶೀ’ ಗ್ಲಿಫ್‌ಗಳು ಬರುವುದೇ ಇಲ್ಲ.

ಇನ್ನೊಂದು, ಒತ್ತಕ್ಷರಗಳನ್ನು ಮೂಲದ ಶೇಕಡಾ 62ಕ್ಕೆ ಕುಗ್ಗಿಸಿ ಇಟ್ಟರೆ ಬಡಕಲಾಗಿ ಕಾಣುತ್ತವೆ. ವಿಂಡೋಸ್‌ನಲ್ಲಿ ಒತ್ತಿನ ತಳ ಕತ್ತರಿಸಿ ಹೋಗುತ್ತಿದೆ, ಮ್ಯಾಕ್‌ನಲ್ಲಿ ಹಾಗಾಗುತ್ತಿಲ್ಲ. ಕೊನೆಗೆ ಇದನ್ನು ಮುಕ್ತ ಪರವಾನಗಿಯಲ್ಲಿ ಬಿಡಬೇಕೇ, ಮಾರಬೇಕೇ ಎಂಬುದೂ ತೀರ್ಮಾನವಾಗಿಲ್ಲ. ತಿಳಿದವರು ದಯವಿಟ್ಟು ಬಿಡಿಸಿ ಹೇಳಿ.

---

ಅಚ್ಚುಮೊಳೆ ಉತ್ತರ:

ಮೊದಲೆರಡು ತೊಡಕುಗಳ ಬೇರು ಒಂದೇ. ನೀವು ಕಣ್ಣಿಗೆ ಕಾಣುವ ಅಕ್ಷರವನ್ನು ಬರೆದಿದ್ದೀರಿ. ಶೇಪಿಂಗ್ ಎಂಜಿನ್ (ಟೈಪಿಸಿದ್ದನ್ನು ಗ್ಲಿಫ್ ಸಾಲಾಗಿ ಜೋಡಿಸುವ ತಂತ್ರಾಂಶ) ಆ ಅಕ್ಷರವನ್ನು ಯಾವ ತುಂಡುಗಳಾಗಿ ಒಡೆದು ಯಾವ ಅನುಕ್ರಮದಲ್ಲಿ ಫಾಂಟ್‌ಗೆ ಒಪ್ಪಿಸುತ್ತದೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಕನ್ನಡದಲ್ಲಿ ಅದು ಗೊತ್ತಾದ ಮೇಲೆಯೇ ಗ್ಲಿಫ್ ಪಟ್ಟಿ ಮಾಡಬೇಕು.

‘ಶಕ್ತಿ’ಯಲ್ಲಿ ಎರಡನೆಯ ಅಕ್ಷರ ಟೈಪಾಗುವ ಕ್ರಮ: ಕ, ್, ತ, ಿ. ಇದರಲ್ಲಿ ಮೂಲ ವ್ಯಂಜನ ಯಾವುದು ಎಂದು ಎಂಜಿನ್ ಮೊದಲು ಹುಡುಕುತ್ತದೆ. ಹಾರ್ಫ್‌ಬಜ್ ಎಂಬ ಎಂಜಿನ್ ಕೊನೆಯಿಂದ ಹಿಂದಕ್ಕೆ ನೋಡುತ್ತಾ ಬರುತ್ತದೆ. ‘ತ’ಕ್ಕೆ ಒತ್ತಿನ ರೂಪ ಇದೆಯೇ ಎಂದು ಅದು ಕೇಳುವುದು ‘ಬಿಎಲ್‌ಡಬ್ಲ್ಯುಎಫ್’ (blwf) ಫೀಚರ್ ಅನ್ನು, ‘ಬಿಎಲ್‌ಡಬ್ಲ್ಯುಎಸ್’ ಅನ್ನಲ್ಲ. ಕೊನೆಯ ಒಂದಕ್ಷರದ ವ್ಯತ್ಯಾಸ, ಆದರೆ ಮೊದಲನೆಯದು ಮೂಲ ಜೋಡಣೆಯ ಹಂತ, ಎರಡನೆಯದು ಅದೆಲ್ಲ ಮುಗಿದ ಮೇಲಿನ ಅಲಂಕಾರದ ಹಂತ. ‘ಬಿಎಲ್‌ಡಬ್ಲ್ಯುಎಫ್’ನಲ್ಲಿ ಏನೂ ಸಿಗದಿದ್ದರೆ ‘ತ’ವೇ ಮೂಲ ವ್ಯಂಜನ ಎಂದು ತೀರ್ಮಾನವಾಗುತ್ತದೆ, ಗುಡಿಸು ಅದರ ಹಿಂದೆಯೇ ಉಳಿಯುತ್ತದೆ. ಆಮೇಲೆ ನಿಮ್ಮ ನಿಯಮ ಬಂದು ‘್ತ’ವನ್ನು ಒತ್ತಾಗಿ ಬದಲಿಸುತ್ತದೆ. ಅಷ್ಟರಲ್ಲಿ ‘ಕ’ಕ್ಕೂ ಗುಡಿಸಿಗೂ ನಡುವೆ ಒತ್ತು ಕೂತಾಗಿದೆ, ಎರಡೂ ಕೂಡಿಕೊಳ್ಳುವ ದಾರಿಯೇ ಇಲ್ಲ.

ನಿಯಮಗಳನ್ನು ‘ಬಿಎಲ್‌ಡಬ್ಲ್ಯುಎಫ್’ಗೆ ಸಾಗಿಸಿ. ನಿಯಮ ಯಾವ ಲಿಪಿಯದು ಎಂದು ಹೇಳುವ ಸ್ಕ್ರಿಪ್ಟ್ ಟ್ಯಾಗ್ ‘ಕೆಎನ್‌ಡಿ2’ (knd2) ಇರಲಿ, ಅನುಕ್ರಮ ‘್’ ಮೊದಲು, ವ್ಯಂಜನ ಆಮೇಲೆ. ಹಳೆಯ ‘ಕೆಎನ್‌ಡಿಎ’ ಟ್ಯಾಗ್‌ನಲ್ಲಿ ಇದು ತಿರುವುಮುರುವು, ಹಾಗಾಗಿ ಒಂದರ ನಿಯಮವನ್ನು ಇನ್ನೊಂದಕ್ಕೆ ನಕಲು ಮಾಡಬೇಡಿ. ಇವತ್ತಿನ ಬಳಕೆಗೆ ‘ಕೆಎನ್‌ಡಿ2’ ಒಂದೇ ಸಾಕು. ಎಲ್ಲ 34 ವ್ಯಂಜನಗಳಿಗೂ, ಜೊತೆಗೆ ಱ, ೞ ಎರಡಕ್ಕೂ ನಿಯಮ ಇರಲೇಬೇಕು. ಒಂದು ಬಿಟ್ಟುಹೋದರೂ ಅದು ಒತ್ತಾಗಿ ಬಂದ ಕಡೆ ಅಕ್ಷರದ ಜೋಡಣೆಯೇ ಕೆಡುತ್ತದೆ.

ಹೀಗೆ ಮಾಡಿದ ಮೇಲೆ ಎಂಜಿನ್ ಗುಡಿಸನ್ನು ಒತ್ತಿಗಿಂತ ಮುಂಚೆ ತರುತ್ತದೆ. ಎಚ್‌ಬಿ-ಶೇಪ್ ಎಂಬ ಆದೇಶ ಸಾಲಿನ ಸಾಧನಕ್ಕೆ ಫಾಂಟ್ ಕಡತವನ್ನೂ ಪದವನ್ನೂ ಕೊಟ್ಟು ನೋಡಿ. ಈಗ ‘ಶಕ್ತಿ’ಗೆ ಬರುತ್ತಿರುವ ಗ್ಲಿಫ್ ಸಾಲು: ಶ, ಕ, ತ-ಒತ್ತು, ಿ. ಸರಿಯಾದ ಮೇಲೆ ಬರಬೇಕಾದ್ದು: ಶ, ಕಿ, ತ-ಒತ್ತು. ಪರದೆ ನೋಡಿ ಊಹಿಸುವ ಬದಲು ಈ ಗ್ಲಿಫ್ ಹೆಸರುಗಳ ಸಾಲನ್ನು ಓದುವುದು ರೂಢಿಯಾದರೆ ಮುಕ್ಕಾಲು ಪಾಲು ದೋಷಗಳು ಅಲ್ಲೇ ಸಿಗುತ್ತವೆ.

‘ಸ್ತ್ರೀ’ ವಿಷಯಕ್ಕೆ ಬಂದರೆ, ಯೂನಿಕೋಡ್ ಪ್ರಕಾರ ‘ೀ’ ಅಂದರೆ ‘ಿ’ ಮತ್ತು ದೀರ್ಘದ ಗುರುತು ‘ೕ’ ಎರಡರ ಮೊತ್ತ. ಎಂಜಿನ್ ಅದನ್ನು ಒಡೆದೇ ಕೊಡುತ್ತದೆ. ಗುಡಿಸು ಒತ್ತಿಗಿಂತ ಮುಂಚೆ ಬರುತ್ತದೆ, ದೀರ್ಘ ಒತ್ತುಗಳೆಲ್ಲ ಮುಗಿದ ಮೇಲೆ. ಆದ್ದರಿಂದ ‘ಸ್ತ್ರೀ’ಗೆ ಬರುವ ಸಾಲು: ಸಿ, ತ-ಒತ್ತು, ರ-ಒತ್ತು, ೕ. ಕೈಬರಹದಲ್ಲೂ ಹಾಗೇ ತಾನೆ, ಒತ್ತುಗಳನ್ನು ಕೊಟ್ಟ ಮೇಲೆ ಬಲಗಡೆ ದೀರ್ಘ ಎಳೆಯುತ್ತೇವೆ. ನಿಮ್ಮ ‘ಸೀ’ ಗ್ಲಿಫ್‌ಗೆ ಇಲ್ಲಿ ಜಾಗವಿಲ್ಲ. ‘ಕೀ’ಯಿಂದ ‘ಳೀ’ವರೆಗೆ ಬರೆದಿಟ್ಟ ಎಲ್ಲ ಗ್ಲಿಫ್‌ಗಳನ್ನೂ ತೆಗೆದುಹಾಕಿ, ‘ೕ’ ಒಂದನ್ನೇ ಚೆನ್ನಾಗಿ ಬರೆಯಿರಿ. ‘ೇ’ ಮತ್ತು ‘ೋ’ಗಳ ಕೊನೆಯ ತುಂಡೂ ಅದೇ, ಹಾಗಾಗಿ ಮೂರು ಕಡೆ ದುಡಿಯುತ್ತದೆ. ‘ೈ’ ಕೂಡ ‘ೆ’ ಮತ್ತು ‘ೖ’ ಎಂದು ಒಡೆಯುತ್ತದೆ. ‘ೊ’ ಒಡೆಯುವುದು ‘ೆ’ ಮತ್ತು ‘ೂ’ ಎಂದು.

---

ಕೊಂಬುಕೊನೆ ಉತ್ತರ:

ಅಚ್ಚುಮೊಳೆ ಅವರು ಹೇಳಿದ್ದು ಸರಿ. ಗ್ಲಿಫ್ ಪಟ್ಟಿಯ ಲೆಕ್ಕವನ್ನೂ ಸೇರಿಸುತ್ತೇನೆ, ಕೆಲಸ ಎಷ್ಟಿದೆ ಎಂದು ಅಂದಾಜು ಸಿಗಲಿ.

36 ವ್ಯಂಜನ, ಪ್ರತಿಯೊಂದಕ್ಕೂ ಆರು ರೂಪ: ತಲೆಕಟ್ಟು ಇರುವ ಮೂಲ, ತಲೆಕಟ್ಟು ಇಲ್ಲದ್ದು, ಗುಡಿಸಿನದು, ಏತ್ವದ್ದು, ಅರ್ಧಾಕ್ಷರ, ಒತ್ತು. ಒಟ್ಟು 216. ಇಳಿ ಕೊಟ್ಟದ್ದನ್ನೂ (ಕಾ) ಔತ್ವವನ್ನೂ (ಕೌ) ಕೂಡಿಸಿಯೇ ಇಟ್ಟರೆ ಇನ್ನೂ 72, ಅಲ್ಲಿಗೆ 288. ನನ್ನ ಸಲಹೆ, ಗುಡಿಸು, ಏತ್ವ, ಔತ್ವ, ಅರ್ಧಾಕ್ಷರ ಈ ನಾಲ್ಕನ್ನು ಕೂಡಿದ ಗ್ಲಿಫ್ ಆಗಿಯೇ ಇಡಿ, ಏಕೆಂದರೆ ಇವು ತಲೆಕಟ್ಟಿನ ಜಾಗದಲ್ಲೇ ಕೂರುತ್ತವೆ, ಕೂಡುವ ಬಿಂದು ಅಕ್ಷರದಿಂದ ಅಕ್ಷರಕ್ಕೆ ಬದಲಾಗುತ್ತದೆ. ಇಳಿಯನ್ನು ಮಾತ್ರ ಬೇರೆ ಗ್ಲಿಫ್ ಮಾಡಿ, ಅದಕ್ಕೆ ಮೊದಲು ತಲೆಕಟ್ಟಿಲ್ಲದ ರೂಪ ಬರುವಂತೆ ನಿಯಮ ಬರೆದರೆ ಸಾಕು. ಖ, ಜ, ಣ, ಬ, ಲ ಮುಂತಾದವಕ್ಕೆ ತಲೆಕಟ್ಟೇ ಇಲ್ಲ. ಅವುಗಳ ತಲೆಗೆ ಇಳಿ ಎಲ್ಲಿ ಅಂಟಬೇಕು ಎಂಬುದನ್ನು ಒಂದೊಂದಾಗಿ ನೋಡಬೇಕು, ಇಲ್ಲಿ ಕಾಂಪೊನೆಂಟ್ (ಎಲ್ಲ ಕಡೆ ಮರುಬಳಸುವ ಸಿದ್ಧ ತುಂಡು) ಹಾಕಿ ಕೈತೊಳೆದುಕೊಳ್ಳಲು ಬರುವುದಿಲ್ಲ.

ಕೊಂಬಿನ ವಿಷಯ ಯಾರೂ ಎತ್ತಿಲ್ಲ. ಪು, ಪೂ, ಫು, ಫೂ, ವು, ವೂ ಈ ಆರಕ್ಕೆ ಪ್ರತ್ಯೇಕ ಗ್ಲಿಫ್ ಬೇಕು. ಇಲ್ಲಿ ಕೊಂಬು ಉಳಿದ ಅಕ್ಷರಗಳ ಹಾಗೆ ಪಕ್ಕದಲ್ಲಿ ನಿಲ್ಲದೆ ತಳದಿಂದ ಹೊರಡುತ್ತದೆ. ಸಾಮಾನ್ಯ ಕೊಂಬನ್ನೇ ‘ವ’ದ ಪಕ್ಕ ಇಟ್ಟರೆ ಓದುವವರಿಗೆ ‘ಮ’ ಎಂದು ಕಾಣುತ್ತದೆ. ಕೊಂಬೂ ಒತ್ತಿಗಿಂತ ಮುಂಚೆಯೇ ಬರುವುದರಿಂದ ‘ತಪ್ಪು’ ಪದದಲ್ಲೂ ‘ಪು’ ಲಿಗೇಚರ್ (ಕೂಡಿದ ಗ್ಲಿಫ್) ತಾನಾಗಿ ಆಗುತ್ತದೆ. ಆದರೆ ಅಲ್ಲಿ ಕೊಂಬಿನ ಬುಡಕ್ಕೂ ಪ-ಒತ್ತಿಗೂ ಡಿಕ್ಕಿ ಆಗುವ ಸಂಭವ ಹೆಚ್ಚು. ‘ತಪ್ಪು’, ‘ಒಪ್ಪು’, ‘ಉಪ್ಪು’ ಮೂರನ್ನೂ ಪರೀಕ್ಷೆಯ ಹಾಳೆಯಲ್ಲಿ ಇಟ್ಟುಕೊಳ್ಳಿ.

ಒತ್ತು ಬಡಕಲಾಗುವುದಕ್ಕೆ ಕಾರಣ ಸರಳ ಲೆಕ್ಕ. ನಿಮ್ಮ ಮೂಲ ಗೆರೆ 80 ಯೂನಿಟ್ ಎಂದಿಟ್ಟುಕೊಳ್ಳಿ. ಶೇಕಡಾ 62ಕ್ಕೆ ಕುಗ್ಗಿಸಿದರೆ ಗೆರೆ 50ಕ್ಕೆ ಇಳಿಯುತ್ತದೆ. ಆಕಾರ 62ಕ್ಕೆ ಇಳಿದರೂ ಗೆರೆ 68ರಿಂದ 72ರ ಒಳಗೆ ಉಳಿಯಬೇಕು. ಅಂದರೆ ಕುಗ್ಗಿಸಿದ್ದನ್ನು ಬರೀ ಮಾದರಿಯಾಗಿ ಹಿನ್ನೆಲೆಯಲ್ಲಿಟ್ಟು ಮೇಲೆ ಹೊಸದಾಗಿ ಬರೆಯಬೇಕು. ತೂಕ ಎರಡು ಇದ್ದರೆ (ಸಾಮಾನ್ಯ, ದಪ್ಪ) ಮಾಸ್ಟರ್‌ಗಳ (ಆ ಎರಡು ಮೂಲ ಚಿತ್ರಗಳ) ನಡುವೆ ಇಂಟರ್‌ಪೊಲೇಷನ್ ಮಾಡಿ, ಅಂದರೆ ನಡುವಿನ ದಪ್ಪವನ್ನು ಲೆಕ್ಕಹಾಕಿಸಿ, ಸರಿದೂಗಿಸಬಹುದು. ಮಹಾಪ್ರಾಣಗಳಿಗೆ ಅದೂ ಸಾಲದು. ಧ-ಒತ್ತಿನಲ್ಲಿ ಹೊಟ್ಟೆ ಸೀಳಿದ ಗೆರೆ ಮುಚ್ಚಿಹೋದರೆ ‘ಬುದ್ಧಿ’ ‘ಬುದ್ದಿ’ಯಾಗುತ್ತದೆ. 10 ಪಾಯಿಂಟ್ ಗಾತ್ರದಲ್ಲಿ 20 ಯೂನಿಟ್ ಸೀಳು ಎಂದರೆ 0.2 ಪಾಯಿಂಟ್, ಸುಮಾರು 0.07 ಮಿಲಿಮೀಟರ್, ಸಾಧಾರಣ ಕಾಗದದ ಮೇಲೆ ಶಾಯಿ ಹರಡಿದರೆ ಉಳಿಯುವುದಿಲ್ಲ. ಒತ್ತಿನಲ್ಲಿ ಸೀಳಿಗೆ 40 ಯೂನಿಟ್ಟಾದರೂ ಬಿಡಿ, ಬೇಕಿದ್ದರೆ ಅಕ್ಷರವನ್ನೇ ಸ್ವಲ್ಪ ಅಗಲ ಮಾಡಿ.

ತ, ನ, ಮ, ಯ, ರ, ಲ ಈ ಆರರ ಒತ್ತುಗಳಿಗೆ ಮೂಲದ ಜೊತೆ ಹೋಲಿಕೆಯೇ ಇಲ್ಲ. ಕನ್ನಡ ಪುಟದಲ್ಲಿ ಹೆಚ್ಚು ಕಾಣುವ ಒತ್ತುಗಳಲ್ಲಿ ಇವೂ ಸೇರಿವೆ. ಮೊದಲು ಇವನ್ನು ಬರೆದು, ಇವುಗಳ ತೂಕಕ್ಕೆ ಉಳಿದವನ್ನು ಹೊಂದಿಸಿ.

---

ಸಾಲುಮರ ಉತ್ತರ:

ತಳ ಕತ್ತರಿಸಿ ಹೋಗುವುದಕ್ಕೆ ಕಾರಣ ಮೂರು ಜೊತೆ ಅಳತೆಗಳು ಬೇರೆಬೇರೆ ಇರುವುದು. ಫಾಂಟ್‌ನೊಳಗೆ ಎತ್ತರ-ಆಳವನ್ನು ಮೂರು ಕಡೆ ಬರೆದಿರುತ್ತಾರೆ: ಎಚ್‌ಎಚ್‌ಇಎ (hhea) ಕೋಷ್ಟಕದಲ್ಲಿ ಒಂದು ಜೊತೆ, ಓಎಸ್/2 ಕೋಷ್ಟಕದಲ್ಲಿ ಟೈಪೊ ಮತ್ತು ವಿನ್ ಎಂದು ಎರಡು ಜೊತೆ. ಮ್ಯಾಕ್ ಮೊದಲನೆಯದನ್ನು ನೋಡುತ್ತದೆ. ವಿಂಡೋಸ್‌ನ ಎಷ್ಟೋ ಕಡೆ ವಿನ್ ಅಳತೆಯ ಆಚೆ ಇರುವ ಭಾಗವನ್ನು ಕತ್ತರಿಸುತ್ತಾರೆ.

ಹೀಗಿಡಿ: ಎಚ್‌ಎಚ್‌ಇಎ ಮತ್ತು ಟೈಪೊ ಎರಡೂ ಒಂದೇ, ಉದಾಹರಣೆಗೆ 850 ಮತ್ತು ಮೈನಸ್ 450; ಸಾಲಿನ ನಡುವಿನ ಹೆಚ್ಚುವರಿ ಜಾಗ ಸೊನ್ನೆ. ಒಟ್ಟು 1300, ಅಂದರೆ ಬ್ರೌಸರ್‌ನ ಸಹಜ ಸಾಲಿನ ಎತ್ತರ 1.3. ವಿನ್ ಅಳತೆಗಳು ಇಡೀ ಫಾಂಟ್‌ನ ಅತಿ ಎತ್ತರದ ಮತ್ತು ಅತಿ ಆಳದ ಗ್ಲಿಫ್ ಅನ್ನು ಪೂರ್ತಿ ಒಳಗೊಳ್ಳಬೇಕು. ಓಎಸ್/2ರ ಎಫ್‌ಎಸ್‌ಸೆಲೆಕ್ಷನ್ (fsSelection) ಎಂಬ ಜಾಗದಲ್ಲಿ 7ನೇ ಬಿಟ್ ಹಾಕಿ, ಆಗ ವಿಂಡೋಸ್ ಕೂಡ ಸಾಲಿನ ಎತ್ತರಕ್ಕೆ ಟೈಪೊ ಅಳತೆಯನ್ನೇ ಬಳಸುತ್ತದೆ. ಅದೇ ಕೋಷ್ಟಕದ ಯೂನಿಕೋಡ್ ವ್ಯಾಪ್ತಿಯಲ್ಲಿ 22ನೇ ಬಿಟ್ ಕನ್ನಡದ್ದು, ಅದನ್ನೂ ಮರೆಯಬೇಡಿ.

ಈ ಅಳತೆಗಳನ್ನು ಫಾಂಟ್ ಬಿಡುಗಡೆಗೆ ಮುಂಚೆಯೇ ಗಟ್ಟಿ ಮಾಡಿಕೊಳ್ಳಿ. ಆಮೇಲೆ ಬದಲಿಸಿದರೆ ನಿಮ್ಮ ಫಾಂಟ್ ಬಳಸಿದ ಪುಸ್ತಕಗಳ ಪುಟಗಳೆಲ್ಲ ಸರಿದುಹೋಗುತ್ತವೆ.

ಆಳ ಎಷ್ಟಿರಬೇಕು ಎಂಬುದನ್ನು ಎರಡು ಒತ್ತಿನ ಪದಗಳು ತೀರ್ಮಾನಿಸುತ್ತವೆ: ರಾಷ್ಟ್ರ, ಸ್ವಾತಂತ್ರ್ಯ, ವೈಶಿಷ್ಟ್ಯ, ತೀಕ್ಷ್ಣ. ಎರಡನೇ ಒತ್ತನ್ನು ಮೊದಲನೆಯದರ ಕೆಳಗೆ ಇಳಿಸಬೇಡಿ, ಬಲಕ್ಕೆ ಸರಿಸಿ. ಕೆಳಗಿಳಿಸಿದರೆ ಒಂದು ಪದಕ್ಕೋಸ್ಕರ ಇಡೀ ಪುಸ್ತಕದ ಸಾಲಿನ ಅಂತರ ಹೆಚ್ಚಿಸಬೇಕಾಗುತ್ತದೆ. ಸಂಸ್ಕೃತ ಪಠ್ಯಕ್ಕೂ ಫಾಂಟ್ ಬೇಕೆಂದರೆ ‘ಕಾರ್ತ್ಸ್ನ್ಯ’ ಬರೆದು ನೋಡಿ: ಮೂರು ಒತ್ತು, ಜೊತೆಗೆ ಅರ್ಕಾವತ್ತು. ಇದು ದಾಟಿದರೆ ಬೇರೆ ಯಾವುದೂ ನಿಲ್ಲಿಸುವುದಿಲ್ಲ.

ಕನ್ನಡ ಅಕ್ಷರದ ಎತ್ತರವನ್ನು ನಿಮ್ಮ ಲ್ಯಾಟಿನ್ನಿನ 500 ಮತ್ತು 700ರ ನಡುವೆ, 570-600ರ ಆಸುಪಾಸಿನಲ್ಲಿ ಇಡುವುದು ಒಳ್ಳೆಯದು. 500ಕ್ಕೇ ಇಟ್ಟರೆ ಒಳಗೆರೆಗಳಿರುವ ಷ, ಥ, ಝ ಕಿಕ್ಕಿರಿಯುತ್ತವೆ. 700ಕ್ಕೆ ಏರಿಸಿದರೆ ಒತ್ತಿಗೆ ಆಳ ಸಾಲದೆ ಸಾಲುಗಳು ಒಂದಕ್ಕೊಂದು ತಾಗುತ್ತವೆ.

---

ಗೆರೆಗಾರ ಬರೆದದ್ದು:

ತುಂಬ ಉಪಕಾರ. ‘ಬಿಎಲ್‌ಡಬ್ಲ್ಯುಎಫ್’ಗೆ ಸಾಗಿಸಿದ ಕೂಡಲೇ ‘ಶಕ್ತಿ’, ‘ಬುದ್ಧಿ’ ಸರಿಹೋದವು. ‘ೕ’ ಬೇರೆ ಮಾಡಿದ ಮೇಲೆ ‘ಸ್ತ್ರೀ’ಯೂ ಬಂತು. ಈಗ ಮೂರು ಪ್ರಶ್ನೆ. ಗ್ಲಿಫ್ಸ್‌ನೊಳಗೆ ಒತ್ತಿಗೆ ಕೊಟ್ಟ ಅಗಲ, ಕಡತ ಹೊರತೆಗೆದ ಮೇಲೆ ಸೊನ್ನೆಯಾಗಿದೆ, ಮುಂದಿನ ಅಕ್ಷರ ಒತ್ತಿನ ಮೇಲೆ ಹತ್ತಿ ಕೂರುತ್ತಿದೆ. ಮತ್ತೆ ‘ಅಕ್ಕ’ದಲ್ಲಿ ಒತ್ತು ಸರಿಯಾದ ಜಾಗದಲ್ಲಿದೆ, ‘ಚುಕ್ಕಾಣಿ’ಯಂಥ ಕಡೆ ಬಹಳ ಬಲಕ್ಕೆ ಹೋಗುತ್ತದೆ. ಪುಟ ವಿನ್ಯಾಸದ ತಂತ್ರಾಂಶ ಇನ್‌ಡಿಸೈನ್‌ನಲ್ಲಿ ಒತ್ತೇ ಆಗುತ್ತಿಲ್ಲ, ಬರೀ ಅರ್ಧಾಕ್ಷರ ಕಾಣುತ್ತದೆ.

---

ಅಚ್ಚುಮೊಳೆ ಉತ್ತರ:

ಅಗಲ ಸೊನ್ನೆಯಾಗುವುದು ಗ್ಲಿಫ್‌ನ ವರ್ಗದಿಂದ. ಒತ್ತು ಗ್ಲಿಫ್‌ಗಳು ‘ಮಾರ್ಕ್, ನಾನ್‌ಸ್ಪೇಸಿಂಗ್’ ಎಂದು ದಾಖಲಾಗಿದ್ದರೆ ತಂತ್ರಾಂಶ ಹೊರತೆಗೆಯುವಾಗ ಅಗಲವನ್ನು ಅಳಿಸಿಬಿಡುತ್ತದೆ. ಎಲ್ಲ ಒತ್ತುಗಳನ್ನೂ ಆಯ್ದು, ಉಪವರ್ಗವನ್ನು ‘ಸ್ಪೇಸಿಂಗ್ ಕಂಬೈನಿಂಗ್’ಗೆ ಬದಲಿಸಿ. ಅರ್ಕಾವತ್ತು, ‘ೕ’, ‘ೖ’ಗಳಿಗೂ ಇದೇ.

ಜಾಗದ ಲೆಕ್ಕ ಹೀಗೆ. ಒತ್ತನ್ನು ಮೂಲಾಕ್ಷರದ ಬಲ ಅಂಚಿನಿಂದ ಅಳೆದು ಎಡಕ್ಕೆ ನುಗ್ಗಿಸಿ ಬರೆಯುತ್ತೇವೆ. ಉದಾಹರಣೆಗೆ ಕ-ಒತ್ತಿನ ಎಡಬದಿಯ ಜಾಗ ಮೈನಸ್ 250, ಅಗಲ 120. ‘ಅಕ್ಕ’ದಲ್ಲಿ ಅದು ‘ಕ’ದ ಬಲ ಅರ್ಧದ ಕೆಳಗೆ ಕೂತು, ಸ್ವಲ್ಪ ಹೊರಗೆ ಚಾಚುತ್ತದೆ. ‘ಕ್ಕಾ’ದಲ್ಲಿ ಗ್ಲಿಫ್ ಸಾಲು ತಲೆಕಟ್ಟಿಲ್ಲದ ಕ, ಇಳಿ, ಕ-ಒತ್ತು ಎಂದಾಗುತ್ತದೆ. ನಡುವೆ ಇಳಿ ಬಂದದ್ದರಿಂದ ಅದರ ಅಗಲದಷ್ಟೂ ಒತ್ತು ಬಲಕ್ಕೆ ಸರಿಯಿತು. ಇಳಿ, ಕೊಂಬು, ಕೊಂಬಿನ ದೀರ್ಘ ಈ ಮೂರನ್ನು ಒಂದು ಗುಂಪು ಮಾಡದೆ ಒಂದೊಂದಕ್ಕೂ ಬೇರೆ ಜೋಡಿ ನಿಯಮ ಬರೆಯಿರಿ. ಒತ್ತುಗಳನ್ನು ಮಾತ್ರ ಅಗಲ, ಮಧ್ಯಮ, ಕಿರಿದು ಎಂದು ಮೂರು ಗುಂಪು ಮಾಡಿದರೆ ಸಾಕು. ನಿಯಮ ‘ಡಿಸ್ಟ್’ ಫೀಚರ್‌ನಲ್ಲಿರಲಿ. ‘ಕರ್ನ್’ನಲ್ಲಿಟ್ಟರೆ ಬಳಕೆದಾರ ಕರ್ನಿಂಗ್ (ಅಕ್ಷರಗಳ ನಡುವಿನ ಅಂತರ ಹೊಂದಿಸುವುದು) ನಿಲ್ಲಿಸಿದಾಗ ಒತ್ತುಗಳೆಲ್ಲ ಚೆಲ್ಲಾಪಿಲ್ಲಿಯಾಗುತ್ತವೆ. ‘ಡಿಸ್ಟ್’ ಯಾವಾಗಲೂ ಜಾರಿಯಲ್ಲಿರಬೇಕಾದ ಫೀಚರ್.

ಅರ್ಕಾವತ್ತಿಗೆ ‘ಆರ್‌ಪಿಎಚ್‌ಎಫ್’ (rphf) ಫೀಚರ್‌ನಲ್ಲಿ ಒಂದೇ ನಿಯಮ: ‘ರ’, ‘್’ ಸೇರಿ ಅರ್ಕಾವತ್ತು. ಎಂಜಿನ್ ಅದನ್ನು ತಾನೇ ಅಕ್ಷರದ ಕೊನೆಗೆ ಒಯ್ಯುತ್ತದೆ, ‘ಸೂರ್ಯ’, ‘ಕಾರ್ಯ’ಗಳಿಗೆ ನೀವು ಬೇರೇನೂ ಬರೆಯಬೇಕಿಲ್ಲ. ‘ರ‍್ಯಾಂಕ್’ ಎಂಬಲ್ಲಿ ‘ರ’ ಮೂಲವಾಗಿ ಉಳಿದು ಯ-ಒತ್ತು ಬರಬೇಕು. ಅದಕ್ಕೆ ಟೈಪಿಸುವವರು ‘ರ’ದ ನಂತರ ಶೂನ್ಯ ಅಗಲದ ಜೋಡಕವನ್ನು (ZWJ ಎಂಬ ಕಣ್ಣಿಗೆ ಕಾಣದ ಚಿಹ್ನೆ) ಹಾಕುತ್ತಾರೆ. ಆ ಜೋಡಕವೂ, ‘ಸಾಫ್ಟ್‌ವೇರ್’ನಲ್ಲಿ ಬೇಕಾಗುವ ಬಿಡಿಸುವ ಚಿಹ್ನೆಯೂ (ZWNJ) ಫಾಂಟ್‌ನಲ್ಲಿ ಖಾಲಿ ಗ್ಲಿಫ್ ಆಗಿ ಇರಲೇಬೇಕು. ಇಲ್ಲದಿದ್ದರೆ ಕೆಲವು ತಂತ್ರಾಂಶಗಳು ಅಲ್ಲಿಗೆ ಬೇರೆ ಫಾಂಟ್ ಎಳೆದು ತರುತ್ತವೆ, ಪದ ನಡುವೆಯೇ ತುಂಡಾಗುತ್ತದೆ. ಇನ್ನೊಂದು: ಅರ್ಕಾವತ್ತಿಗೂ ಅಂಕಿ ೯ಕ್ಕೂ, ಸೊನ್ನೆ ‘ಂ’ಗೂ ಅಂಕಿ ೦ಕ್ಕೂ ಒಂದೇ ಗ್ಲಿಫ್ ಹಂಚಬೇಡಿ. ಅಂಕಿಗಳು ಅಕ್ಷರದ ಪೂರ್ಣ ಎತ್ತರಕ್ಕೆ ನಿಲ್ಲಲಿ, ಗುರುತುಗಳು ಸ್ವಲ್ಪ ಚಿಕ್ಕದಿರಲಿ.

ಇನ್‌ಡಿಸೈನ್‌ನಲ್ಲಿ ನಿಮ್ಮ ಫಾಂಟ್‌ನ ತಪ್ಪಿಲ್ಲ. ಪ್ಯಾರಾಗ್ರಾಫ್ ಫಲಕದ ಮೆನುವಿನಲ್ಲಿ ‘ಅಡೋಬಿ ವರ್ಲ್ಡ್-ರೆಡಿ ಪ್ಯಾರಾಗ್ರಾಫ್ ಕಂಪೋಸರ್’ ಆಯ್ಕೆ ಮಾಡಿದರೆ ಒತ್ತುಗಳು ಬರುತ್ತವೆ. ಫಾಂಟ್ ಜೊತೆ ಕೊಡುವ ಸೂಚನಾ ಹಾಳೆಯಲ್ಲಿ ಈ ಮಾತನ್ನು ಮೊದಲ ಸಾಲಿನಲ್ಲೇ ಹಾಕಿ, ನಿಮಗೆ ಬರುವ ದೂರುಗಳಲ್ಲಿ ಹೆಚ್ಚಿನವು ಇದರದ್ದೇ ಆಗಿರುತ್ತವೆ.

---

ಪುಟಕಟ್ಟು ಉತ್ತರ:

ಪರವಾನಗಿ ಬಗ್ಗೆ. ಎಸ್‌ಐಎಲ್ ಮುಕ್ತ ಫಾಂಟ್ ಪರವಾನಗಿ 1.1ರಲ್ಲಿ ಬಿಟ್ಟರೆ ಯಾರು ಬೇಕಾದರೂ ಪುಸ್ತಕ, ವೆಬ್, ಆ್ಯಪ್‌ಗಳಲ್ಲಿ ಬಳಸಬಹುದು, ತಿದ್ದಬಹುದು, ಬೇರೆ ತಂತ್ರಾಂಶದ ಜೊತೆ ಹಂಚಬಹುದು. ಫಾಂಟ್ ಅನ್ನೇ ಬಿಡಿಯಾಗಿ ಮಾರುವಂತಿಲ್ಲ, ತಿದ್ದಿದ್ದನ್ನು ಅದೇ ಪರವಾನಗಿಯಲ್ಲೇ ಬಿಡಬೇಕು. ಹೆಸರನ್ನು ಕಾಯ್ದಿರಿಸುವ ಅವಕಾಶವೂ ಅದರಲ್ಲಿದೆ: ತಿದ್ದಿದವರು ನಿಮ್ಮ ಫಾಂಟ್‌ನ ಹೆಸರಿನಲ್ಲೇ ಹಂಚುವಂತಿಲ್ಲ. ನೆನಪಿಡಿ, ಒಮ್ಮೆ ಹೀಗೆ ಬಿಟ್ಟ ಆವೃತ್ತಿಯನ್ನು ವಾಪಸು ಪಡೆಯಲು ಆಗುವುದಿಲ್ಲ. ಈ ದಾರಿಯಲ್ಲಿ ದುಡ್ಡು ಬರುವುದು ಮಾಡಿಸಿಕೊಳ್ಳುವವರಿಂದ, ಕೊಳ್ಳುವವರಿಂದಲ್ಲ. ಕೆಲಸ ಶುರು ಮಾಡುವ ಮುಂಚೆಯೇ ಹಣ ಕೊಡುವವರು ಗೊತ್ತಾಗಿದ್ದರೆ ಮಾತ್ರ ಲೆಕ್ಕ ಕೂಡುತ್ತದೆ.

ಮಾರುವುದಾದರೆ ಕಂಪ್ಯೂಟರಿನಲ್ಲಿ ಅಳವಡಿಸಲು, ವೆಬ್‌ಗೆ, ಆ್ಯಪ್‌ಗೆ ಬೇರೆಬೇರೆ ಪರವಾನಗಿ ಬರೆಯಿರಿ. ಕನ್ನಡ ಪ್ರಕಾಶಕರಿಗೆ ಮೊದಲನೆಯದು ಸಾಕು, ಆದರೆ ಇ-ಪುಸ್ತಕದೊಳಗೆ ಫಾಂಟ್ ಸೇರಿಸಬಹುದೇ ಎಂಬುದು ಅಲ್ಲೇ ಸ್ಪಷ್ಟವಾಗಿರಲಿ. ಇಲ್ಲದಿದ್ದರೆ ಪುಸ್ತಕ ಹೊರಬಂದ ಮೇಲೆ ತಕರಾರು. ಫಾಂಟ್ ಒಳಗಿನ ನೇಮ್ ಕೋಷ್ಟಕದ 13ನೇ ಜಾಗದಲ್ಲಿ ಪರವಾನಗಿಯ ವಿವರ, 14ರಲ್ಲಿ ಅದರ ಕೊಂಡಿ. ಮುಕ್ತ ಫಾಂಟ್‌ಗೆ ಎಫ್‌ಎಸ್‌ಟೈಪ್ (ಕಡತಗಳೊಳಗೆ ಫಾಂಟ್ ಸೇರಿಸುವ ಅನುಮತಿ) ಮೌಲ್ಯ 0 ಇರಬೇಕು.

ನನ್ನ ಅಭಿಪ್ರಾಯ ಕೇಳಿದರೆ, ಒಂದು ತೂಕದ ಪಠ್ಯ ಫಾಂಟ್ ಮಾರಾಟಕ್ಕೆ ನಿಲ್ಲುವುದು ಕಷ್ಟ. ಅನೆಕ್ ಕನ್ನಡ, ಬಾಲೂ ತಮ್ಮ 2, ನೋಟೊ ಸೆರಿಫ್ ಕನ್ನಡ, ತಿರೊ ಕನ್ನಡ, ಹುಬ್ಬಳ್ಳಿ, ಬೆಣ್ಣೆ ಎಲ್ಲವೂ ಗೂಗಲ್ ಫಾಂಟ್ಸ್‌ನಲ್ಲಿ ಬಿಟ್ಟಿ ಸಿಗುತ್ತವೆ. ಇವುಗಳಲ್ಲಿ ಬಹುಪಾಲಿಗೆ ಇಲ್ಲದ್ದು ಕನ್ನಡಕ್ಕೇ ಹೊಂದಿದ ಓರೆ ರೂಪ. ಸಾಮಾನ್ಯ, ದಪ್ಪ, ಎರಡರ ಓರೆ ರೂಪ, ಅಲ್ಲಿಗೆ ನಾಲ್ಕು ಶೈಲಿ ಕೊಟ್ಟರೆ ಪ್ರಕಾಶಕರು ತಿರುಗಿ ನೋಡುತ್ತಾರೆ.

ಇನ್ನೂ ಎಷ್ಟೋ ಅಚ್ಚುಮನೆಗಳಲ್ಲಿ ಕೆಲಸ ನಡೆಯುವುದು ನುಡಿ, ಶ್ರೀಲಿಪಿಯಂಥ ಹಳೆಯ ಎನ್‌ಕೋಡಿಂಗ್‌ನ (ಯೂನಿಕೋಡ್ ಅಲ್ಲದ ಅಕ್ಷರ ಸಂಕೇತಗಳ) ಪಠ್ಯದಲ್ಲಿ. ಅದಕ್ಕೆ ನಿಮ್ಮ ಫಾಂಟ್ ಹಚ್ಚಿದರೆ ಬರೀ ಲ್ಯಾಟಿನ್ ಅಕ್ಷರಗಳ ಗೊಂದಲ ಕಾಣುತ್ತದೆ. ಮೊದಲು ಪಠ್ಯವನ್ನು ಯೂನಿಕೋಡ್‌ಗೆ ಪರಿವರ್ತಿಸಬೇಕು ಎಂದು ಕೊಳ್ಳುವ ಮುಂಚೆಯೇ ಅವರಿಗೆ ತಿಳಿಸಿ. ಪರಿವರ್ತನೆಯಲ್ಲಿ ಹೆಚ್ಚು ಕೆಡುವುದು ಅರ್ಕಾವತ್ತು. ಹಳೆಯ ಪಠ್ಯದಲ್ಲಿ ಅದನ್ನು ಅಕ್ಷರದ ನಂತರ ಟೈಪಿಸಿರುತ್ತಾರೆ, ಯೂನಿಕೋಡ್‌ನಲ್ಲಿ ‘ರ್’ ಮುಂಚೆ ಬರಬೇಕು.

---

ಕೊಂಬುಕೊನೆ ಉತ್ತರ:

ಪುಟಕಟ್ಟು ಅವರ ಓರೆ ರೂಪದ ಮಾತಿಗೆ ಒಂದು ಸೇರ್ಪಡೆ. ತಂತ್ರಾಂಶದಲ್ಲಿ ಸುಮ್ಮನೆ ಓರೆ ಮಾಡಿದರೆ ದುಂಡು ಹೊಟ್ಟೆಗಳ ಗೆರೆ ಒಂದು ಕಡೆ ಉಬ್ಬಿ ಇನ್ನೊಂದು ಕಡೆ ಸೊರಗುತ್ತದೆ. ಲ್ಯಾಟಿನ್ನಿನಲ್ಲಿ ನೇರ ಗೆರೆಗಳು ಹೆಚ್ಚಿರುವುದರಿಂದ ಅಷ್ಟು ಕಾಣುವುದಿಲ್ಲ, ಕನ್ನಡದಲ್ಲಿ ಎಲ್ಲವೂ ದುಂಡು. 8 ಡಿಗ್ರಿಗಿಂತ ಹೆಚ್ಚು ಓರೆ ಮಾಡಬೇಡಿ. ಮಾಡಿದ ಮೇಲೆ ರ, ಠ, ದ ಮೂರನ್ನು ಕೈಯಾರೆ ತಿದ್ದಿ, ಆ ತಿದ್ದುಪಡಿಯನ್ನು ಉಳಿದವಕ್ಕೆ ಹರಡಿ. ಒತ್ತು ತಳದ ಗೆರೆಯಿಂದ ಕೆಳಗಿರುವುದರಿಂದ ಓರೆಯಾದಾಗ ಎಡಕ್ಕೆ ಜಾರುತ್ತದೆ: ಮೈನಸ್ 250ರ ಆಳದಲ್ಲಿ 8 ಡಿಗ್ರಿಗೆ ಸುಮಾರು 35 ಯೂನಿಟ್. ‘ಡಿಸ್ಟ್’ ಬೆಲೆಗಳನ್ನು ಓರೆ ಶೈಲಿಗೆ ಬೇರೆಯೇ ಬರೆಯಬೇಕಾಗುತ್ತದೆ.